ಬರೆಯದೆ ಉಳಿದ ಗಂಟೆಗಳು

ಮಾನ್ಯ ಓದುಗರೇ,

ವೈದ್ಯಕೀಯ ಸಂಶೋಧನೆ ಮತ್ತು ಸಲಹಾ ಸೇವೆ ನೀಡುವ ದೊಡ್ಡ ಕಂಪನಿಗಳ ನೌಕರರ ಅನುಭವಗಳನ್ನು ಕುರಿತು ನಮ್ಮ ಕಳೆದ ಸಂಚಿಕೆಯಲ್ಲಿ ಬಂದ ಲೇಖನಕ್ಕೆ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಅಂಥ ಕಂಪನಿಯೊಂದರಲ್ಲಿ ನೀವು ಎಂಟು ವರ್ಷಗಳಿಂದ ಇದ್ದೀರಿ. ಮೊದಲ ಐದು ವರ್ಷ ಔಷಧ ಪ್ರಯೋಗ ನಡೆಯುವ ಆಸ್ಪತ್ರೆಗಳಿಗೆ ಹೋಗಿ ದಾಖಲೆ ಪರಿಶೀಲಿಸುವ ಮಾನಿಟರ್ ಆಗಿದ್ದು, ಈಗ ಔಷಧ ಸುರಕ್ಷತಾ ವಿಭಾಗದಲ್ಲಿ ಒಂದು ತಂಡವನ್ನು ನಡೆಸುತ್ತಿದ್ದೀರಿ. ನಮ್ಮ ಲೇಖನ ದೂರುಗಳನ್ನಷ್ಟೇ ಪೋಣಿಸಿತು, ಆ ಕೆಲಸ ಕಲಿಸಿಕೊಡುವುದನ್ನು ಕಾಣಲಿಲ್ಲ ಎಂಬುದು ನಿಮ್ಮ ಆಕ್ಷೇಪ. ಪತ್ರದ ಕೊನೆಯಲ್ಲಿ ಬೇರೆಯದೇ ಒಂದು ಪ್ರಶ್ನೆ ಇದೆ. ತಂಡಕ್ಕೆ ಹೊಸದಾಗಿ ಸೇರಿದವರು ತಾವು ನಿಜವಾಗಿ ದುಡಿದ ಗಂಟೆಗಳನ್ನು ಟೈಮ್‌ಶೀಟಿನಲ್ಲಿ ಬರೆದಾಗ, ಇದರಿಂದ ಪ್ರಾಜೆಕ್ಟಿನ ಬಜೆಟ್ ಮೀರುತ್ತದೆ, ಎಂಟು ಗಂಟೆಗೇ ನಿಲ್ಲಿಸುವಂತೆ ತಿಳಿಸಿ ಎಂದು ನಿಮ್ಮ ಮೇಲಿನವರು ಸೂಚಿಸಿದ್ದಾರೆ. ಹೊಸಬರಿಗೆ ಏನು ಹೇಳಲಿ ಎಂದು ಕೇಳಿದ್ದೀರಿ.

ಆಕ್ಷೇಪವನ್ನು ಒಪ್ಪುತ್ತೇನೆ. ಪದವಿ ಮುಗಿಸಿ ಬಂದ ಹುಡುಗ ಹುಡುಗಿಯರು ಮೊದಲ ವರ್ಷದಲ್ಲೇ ಒಂದು ಪ್ರಯೋಗದ ಪ್ರೋಟೋಕಾಲನ್ನು, ಅಂದರೆ ಅದನ್ನು ನಡೆಸುವ ವಿವರವಾದ ಯೋಜನೆಯನ್ನು, ಮೊದಲಿನಿಂದ ಕೊನೆಯವರೆಗೆ ಓದಿ, ರೋಗಿಗಳನ್ನು ಗುಂಪುಗಳಿಗೆ ಹಂಚುವಾಗ ವೈದ್ಯರ ಇಷ್ಟಕ್ಕೆ ಏಕೆ ಎಡೆಯಿರಬಾರದು, ಯಾರಿಗೆ ಯಾವ ಔಷಧ ಸಿಕ್ಕಿತೆಂಬುದನ್ನು ಏಕೆ ಗುಟ್ಟಾಗಿಡಬೇಕು ಎಂದು ತಿಳಿದುಕೊಳ್ಳುವ ಕೆಲಸದ ಜಾಗಗಳು ಹೆಚ್ಚಿಲ್ಲ. ಈ ಕಲಿಕೆಗೆ ನಮ್ಮ ಲೇಖನ ಕೊಟ್ಟದ್ದು ಒಂದೇ ಸಾಲು.

ಇನ್ನೊಂದು ತಪ್ಪನ್ನು ನೀವು ಎತ್ತಿಲ್ಲ, ನಾನೇ ಹೇಳಬೇಕು: ಸಲಹೆ ನೀಡುವುದು, ಔಷಧ ಪ್ರಯೋಗ ನಡೆಸುವುದು ಎಂಬ ಎರಡು ಬೇರೆ ಕಸುಬುಗಳನ್ನು ನಾವು ಒಂದೇ ಎಂಬಂತೆ ಬರೆದೆವು. ಔಷಧ ಮಾರುಕಟ್ಟೆಯ ಅಂಕಿಅಂಶಗಳಿಗಾಗಿ 1954ರಲ್ಲಿ ಹುಟ್ಟಿದ ಐಎಂಎಸ್ ಮತ್ತು ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕ ಡೆನಿಸ್ ಗಿಲ್ಲಿಂಗ್ಸ್ 1982ರಲ್ಲಿ ಆರಂಭಿಸಿದ, ಔಷಧ ಪ್ರಯೋಗಗಳನ್ನು ನಡೆಸಿಕೊಡುವ ಕ್ವಿಂಟೈಲ್ಸ್ 2016ರಲ್ಲಿ ಒಂದಾದ ಹಾಗೆ, ಅಂಕಿಅಂಶ, ಸಲಹೆ ಮತ್ತು ಪ್ರಯೋಗ ಈಗ ಹಲವು ಕಡೆ ಒಂದೇ ಸೂರಿನಡಿ ಇವೆ. ಆದರೂ ಸಲಹಾ ವಿಭಾಗದವರ ದಣಿವೇ ಬೇರೆ, ಪ್ರಯೋಗ ವಿಭಾಗದವರ ದಣಿವೇ ಬೇರೆ. ಸಲಹೆಗಾರರಿಗೆ ಗ್ರಾಹಕರ ಸಭೆಯ ಹಿಂದಿನ ರಾತ್ರಿ ಕಷ್ಟ. ಸಭೆ ಮುಗಿದರೆ ಆ ಭಾರ ಇಳಿಯುತ್ತದೆ. ಸುರಕ್ಷತಾ ವಿಭಾಗದ ಭಾರಕ್ಕೆ ಹಾಗೆ ಇಳಿಯುವ ದಿನವೇ ಇಲ್ಲ.

ಇತರ ಓದುಗರಿಗಾಗಿ ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಪ್ರಯೋಗದಲ್ಲಿರುವ ಔಷಧದಿಂದ ನಿರೀಕ್ಷಿಸದ ದುಷ್ಪರಿಣಾಮವಾಗಿ ಸಾವು ಸಂಭವಿಸಿದರೆ ಅಥವಾ ಜೀವಕ್ಕೆ ಅಪಾಯ ಒದಗಿದರೆ ಏಳು ದಿನಗಳೊಳಗೆ, ಗಂಭೀರವಾದ ಉಳಿದ ಅನಿರೀಕ್ಷಿತ ದುಷ್ಪರಿಣಾಮಗಳಾದರೆ ಹದಿನೈದು ದಿನಗಳೊಳಗೆ ನಿಯಂತ್ರಣ ಸಂಸ್ಥೆಗೆ ತಿಳಿಸಬೇಕು ಎಂಬುದು 1994ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿರುವ ನಿಯಮ. ಇವು ಕ್ಯಾಲೆಂಡರಿನ ದಿನಗಳು, ರಜೆಯನ್ನು ಕಳೆದ ದಿನಗಳಲ್ಲ. ಸುದ್ದಿ ಕೈಗೆ ಬಂದ ದಿನದಿಂದಲೇ ಗಡಿಯಾರ ಓಡಲು ಶುರುವಾಗುತ್ತದೆ. ಶುಕ್ರವಾರ ಸಂಜೆ ಅರ್ಧಂಬರ್ಧ ತುಂಬಿದ ಒಂದು ವರದಿ ಬಂತೆಂದರೆ, ಅದನ್ನು ಓದಿ, ಆಸ್ಪತ್ರೆಗೆ ಮರುಪ್ರಶ್ನೆ ಕಳುಹಿಸಿ, ರೋಗಿಗೆ ಆದದ್ದೇನೆಂದು ಕ್ರಮವಾಗಿ ನಿರೂಪಿಸಿ, ವೈದ್ಯರ ಪರಿಶೀಲನೆಗೆ ಕೊಡುವವರು ನಿಮ್ಮ ತಂಡದವರೇ. ಆ ರೋಗಿಯ ಮುಖವನ್ನು ಅವರು ನೋಡುವುದಿಲ್ಲ. ಅವರ ಪಾಲಿಗೆ ಅದು ಒಂದು ಸಂಖ್ಯೆ, ವಯಸ್ಸು, ಕೆಲವು ದಿನಾಂಕಗಳು. ಔಷಧ ಕೊಟ್ಟ ದಿನ ಮೊದಲೋ, ಜ್ವರ ಬಂದ ದಿನ ಮೊದಲೋ ಎಂಬ ಒಂದೇ ಅಂಶದ ಮೇಲೆ ಇಡೀ ವರದಿಯ ಅರ್ಥ ತಿರುಗಬಹುದು. ದುಡಿಮೆಯ ಹನ್ನೊಂದನೆಯ ಗಂಟೆಯಲ್ಲಿ ಕುಳಿತು ಆ ಎರಡು ದಿನಾಂಕಗಳನ್ನು ಹೋಲಿಸುವ ಕಣ್ಣು ಎಷ್ಟು ಚುರುಕಾಗಿದ್ದೀತು ಎಂಬುದು ನೌಕರರ ಕ್ಷೇಮದ ಪ್ರಶ್ನೆಯಾಗಿರುವಂತೆಯೇ ರೋಗಿಯ ಕ್ಷೇಮದ ಪ್ರಶ್ನೆಯೂ ಹೌದು. ಆದ್ದರಿಂದಲೇ, ಹೆಚ್ಚು ದುಡಿಮೆ ಎಲ್ಲ ಉದ್ಯೋಗಗಳಲ್ಲೂ ಇದೆಯಲ್ಲ, ಇದೊಂದನ್ನೇ ಏಕೆ ಎತ್ತಿ ತೋರಿಸುತ್ತೀರಿ ಎಂಬ ನಿಮ್ಮ ಮಾತನ್ನು ನಾನು ಒಪ್ಪಲಾರೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ.

ಬರೆದಿಡದಿದ್ದರೆ ಅದು ನಡೆದೇ ಇಲ್ಲ ಎಂಬ ಮಾತನ್ನು ನಿಮ್ಮ ಕಸುಬಿನಲ್ಲಿ ಮೊದಲ ದಿನವೇ ಕಲಿಸುತ್ತಾರೆ. ರೋಗಿಯ ಒಪ್ಪಿಗೆ ಪಡೆದಿದ್ದೇವೆ ಎಂದು ವೈದ್ಯರು ಎಷ್ಟೇ ಖಚಿತವಾಗಿ ಹೇಳಲಿ, ಸಹಿ ಮತ್ತು ದಿನಾಂಕ ಕಾಣದಿದ್ದರೆ ಮಾನಿಟರ್ ಅದನ್ನು ಲೋಪವೆಂದೇ ಬರೆಯಬೇಕು. ಯಾರು ಬರೆದರೆಂದು ತಿಳಿಯಬೇಕು, ಓದಲು ಬರಬೇಕು, ಕೆಲಸ ನಡೆದಾಗಲೇ ಬರೆದಿರಬೇಕು, ಮೂಲ ದಾಖಲೆಯಾಗಿರಬೇಕು, ನಿಖರವಾಗಿರಬೇಕು ಎಂಬ ಐದು ಅಳತೆಗೋಲುಗಳಿಂದ ನೀವು ಐದು ವರ್ಷ ಇತರರ ಕಾಗದಗಳನ್ನು ಅಳೆದಿದ್ದೀರಿ. ಅದೇ ಮನೆಯಲ್ಲಿ, ವಾರದ ಕೊನೆಗೆ, ನೆನಪಿನಿಂದಲೂ ಅಲ್ಲದೆ ಬಜೆಟ್ಟಿನ ಅಂಕಿ ನೋಡಿಕೊಂಡು ಟೈಮ್‌ಶೀಟ್ ತುಂಬಿರಿ ಎಂದು ಹೊಸಬರಿಗೆ ಹೇಳಬೇಕಾಗಿ ಬಂದಿದೆ. ನಿಮಗಾದ ಮುಜುಗರ ಸಹಜವಾದದ್ದು. ನೀವು ಕಲಿತ ಕಸುಬೇ ಅದನ್ನು ಹುಟ್ಟಿಸಿದೆ.

ಇದರ ಪರಿಣಾಮ ಆ ವಾರಕ್ಕೆ ಮುಗಿಯುವುದಿಲ್ಲ. ಪ್ರಯೋಗ ಮಾಡಿಸುವ ಪ್ರಾಯೋಜಕ ಕಂಪನಿಯ ಮುಂದೆ ಹೊಸ ಪ್ರಯೋಗಕ್ಕೆ ದರ ಇಡುವವರು ಒಂದು ವರದಿಗೆ ಎಷ್ಟು ಗಂಟೆ, ಆಸ್ಪತ್ರೆಯ ಒಂದು ಭೇಟಿಗೆ ಎಷ್ಟು ಗಂಟೆ ಎಂದು ಲೆಕ್ಕ ಹಾಕುವಾಗ ಹಳೆಯ ಪ್ರಾಜೆಕ್ಟುಗಳ ಟೈಮ್‌ಶೀಟುಗಳನ್ನೂ ಆಧಾರವಾಗಿ ಹಿಡಿಯುತ್ತಾರೆ. ಹನ್ನೊಂದು ಗಂಟೆಯ ಕೆಲಸವನ್ನು ಎಂಟೆಂದು ಬರೆದರೆ ಮುಂದಿನ ಒಪ್ಪಂದಕ್ಕೆ ಸಹಿ ಬೀಳುವುದು ಎಂಟರ ಮೇಲೆ. ಆ ಒಪ್ಪಂದದ ಕೆಲಸಕ್ಕೆ ಬರುವವರು ಮತ್ತೆ ಮೂರು ಗಂಟೆಗಳನ್ನು ತಮ್ಮ ಮನೆಯ ಸಮಯದಿಂದ ಕೊಡಬೇಕು, ಮತ್ತೆ ಬರೆಯದೆ ಬಿಡಬೇಕು. ತಾನು ನಿಧಾನ, ತನಗೆ ಕೆಲಸ ಬರುವುದಿಲ್ಲ ಎಂದು ನಮ್ಮ ಲೇಖನಕ್ಕಾಗಿ ಮಾತನಾಡಿಸಿದವರಲ್ಲಿ ಹಲವರು ನಂಬಿದ್ದರು. ಪಕ್ಕದ ಮೇಜಿನವರು ಎಂಟು ಗಂಟೆಯಲ್ಲಿ ಮುಗಿಸುತ್ತಾರೆಂದು ಕಾಗದ ಹೇಳುತ್ತಿತ್ತು. ಪಕ್ಕದವರೂ ಹಾಗೆಯೇ ಎಣಿಸಿದ್ದರೆಂಬುದು ತಿಳಿದದ್ದು ಕೆಲಸ ಬಿಟ್ಟ ಮೇಲೆ. ಸಲಹಾ ವಿಭಾಗದಲ್ಲಿ ಇದೇ ಸುಳ್ಳು ತಿರುಗುಮುರುಗಾಗಿ ನಡೆಯುವುದುಂಟು: ಕೈಯಲ್ಲಿ ಪ್ರಾಜೆಕ್ಟ್ ಇಲ್ಲದೆ ಬೆಂಚಿನ ಮೇಲಿರುವವರು ಗ್ರಾಹಕರ ಲೆಕ್ಕಕ್ಕೆ ಹಾಕಬಹುದಾದ ಗಂಟೆಗಳು ಸಾಲದೆ, ಇದ್ದ ಸಣ್ಣ ಕೆಲಸವನ್ನು ಹಿಗ್ಗಿಸಿ ಬರೆಯುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಬರ್ನ್‌ಔಟ್ ಎಂಬುದನ್ನು ರೋಗಗಳ ಪಟ್ಟಿಗೆ ಸೇರಿಸದೆ ಉದ್ಯೋಗಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಲಾಗಿದೆ: ಸರಿಯಾಗಿ ನಿಭಾಯಿಸದ, ಬಹುಕಾಲದ ಕೆಲಸದ ಒತ್ತಡದಿಂದ ಬರುವ ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸದ ಸಾಮರ್ಥ್ಯ ಕುಗ್ಗುವುದು. ಧ್ಯಾನದ ತರಗತಿಗಳಿಗೆ ನಾನು ವಿರೋಧಿಯಲ್ಲ. ನಿಮ್ಮ ಕಂಪನಿ ನಡೆಸುವ ತರಗತಿಯನ್ನು ನೀವು ಮೆಚ್ಚಿ ಬರೆದಿದ್ದೀರಿ. ಆದರೆ ಒತ್ತಡ ಎಷ್ಟಿದೆಯೆಂದು ಹೇಳಬೇಕಾದ ಏಕೈಕ ಕಾಗದವನ್ನೇ ತಿದ್ದಿದ ಮೇಲೆ, ಅದನ್ನು ನಿಭಾಯಿಸಬೇಕಾದವರಿಗೆ ಅದು ಕಾಣುವುದಾದರೂ ಹೇಗೆ?

ಹಾಗಾಗಿ, ಹೊಸಬರಿಗೆ ನಿಜವಾದ ಗಂಟೆಗಳನ್ನೇ ಬರೆಯಲು ಹೇಳಿ. ಅಷ್ಟು ಹೇಳಿ ನೀವು ಪಕ್ಕಕ್ಕೆ ಸರಿದರೆ ಮಾತ್ರ ಅದು ಅನ್ಯಾಯವಾದೀತು, ಏಕೆಂದರೆ ವಿವರಣೆ ಕೇಳಿ ಬರುವ ಇಮೇಲ್ ಪ್ರೊಬೇಷನ್ ಮುಗಿಯದ ಅವರ ಹೆಸರಿಗೇ ಬರುತ್ತದೆ. ಆ ಟೈಮ್‌ಶೀಟುಗಳಿಗೆ ಒಪ್ಪಿಗೆ ನೀಡುವವರು ನೀವೇ ಎಂದು ಬರೆದಿದ್ದೀರಿ. ಒಪ್ಪಿಗೆಯ ಜೊತೆಗೆ, ಬಜೆಟ್ ಏಕೆ ಮೀರಿತೆಂದು ನಿಮ್ಮ ಹೆಸರಿನಲ್ಲೇ ಎರಡು ಸಾಲು ಬರೆಯಿರಿ: ವರದಿಗಳು ಅಂದಾಜಿಗಿಂತ ಎಷ್ಟು ಹೆಚ್ಚು ಬಂದವು, ಎಷ್ಟು ವರದಿಗಳಿಗೆ ಎರಡನೆಯ ಬಾರಿ ಮರುಪ್ರಶ್ನೆ ಕಳುಹಿಸಬೇಕಾಯಿತು. ಒಪ್ಪಂದದಲ್ಲಿಲ್ಲದ ಕೆಲಸವನ್ನು ಪ್ರಾಯೋಜಕರು ಕೇಳಿದಾಗ ಚೇಂಜ್ ಆರ್ಡರ್, ಅಂದರೆ ಒಪ್ಪಂದದ ತಿದ್ದುಪಡಿ, ಮೂಲಕ ಹೆಚ್ಚಿನ ಹಣ ಕೇಳುವ ದಾರಿ ಈ ಉದ್ಯಮದಲ್ಲಿ ಸಾಮಾನ್ಯವಾಗಿ ಇರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಗಂಟೆಗಳ ದಾಖಲೆ ಇಲ್ಲದೆ ಅದನ್ನು ಕೇಳುವುದು ಕಷ್ಟವೆಂಬುದೂ ನಿಮಗೆ ಗೊತ್ತು. ಎಂಟಕ್ಕೆ ನಿಲ್ಲಿಸಿ ಎಂಬ ಸೂಚನೆ ಬಾಯಿಮಾತಿನಲ್ಲಿ ಬಂದಿದೆ ಎಂದಿದ್ದೀರಿ. ಅದನ್ನು ಇಮೇಲಿನಲ್ಲಿ ಕಳುಹಿಸುವಂತೆ ವಿನಯದಿಂದ ಕೇಳಿ. ನನಗೆ ತಿಳಿದ ಎರಡು ಸಂದರ್ಭಗಳಲ್ಲಿ ಹಾಗೆ ಕೇಳಿದ ಮೇಲೆ ಇಮೇಲ್ ಬರಲಿಲ್ಲ, ಸೂಚನೆಯೂ ಮತ್ತೆ ಬರಲಿಲ್ಲ. ನಿಮ್ಮಲ್ಲಿಯೂ ಹಾಗೆಯೇ ಆಗುತ್ತದೆಂದು ಭರವಸೆ ಕೊಡಲಾರೆ. ಮುಂದಿನ ಅಪ್ರೈಸಲ್‌ನಲ್ಲಿ ಇದರ ನೆರಳು ಬೀಳಬಹುದು ಎಂಬ ನಿಮ್ಮ ಅಂಜಿಕೆಯಲ್ಲಿ ಹುರುಳಿದೆ.

ನಿಮ್ಮ ಹೆಸರನ್ನು, ಕಂಪನಿಯ ಹೆಸರನ್ನು ಪ್ರಕಟಿಸಿಲ್ಲ. ಗುರುತು ಹತ್ತದಂತೆ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಪ್ರಯೋಗಗಳಿಗೆ ಬಜೆಟ್ ಸಿದ್ಧಪಡಿಸುವ ವಿಭಾಗದಲ್ಲಿ ದುಡಿದವರೊಬ್ಬರನ್ನೂ ನಾವು ಲೇಖನಕ್ಕಾಗಿ ಮಾತನಾಡಿಸಿರಲಿಲ್ಲವೆಂಬುದು ನಿಮ್ಮ ಪತ್ರ ಓದಿದಾಗ ಹೊಳೆಯಿತು. ಅಂಥವರು ಬರೆದರೆ ಮುಂದಿನ ಸಂಚಿಕೆಯಲ್ಲಿ ಅವರಿಗೂ ಇಷ್ಟೇ ಜಾಗ ಕೊಡುತ್ತೇನೆ.

ಸಂಪಾದಕ