ಹಳೇ ಆಲ್ಟೊ ಇನ್ನೆಷ್ಟು ವರ್ಷ ಬಾಳುತ್ತೆ? ಮೀಟರ್ ಬಿಡಿ, ತಳ ನೋಡಿ

2011ರಲ್ಲಿ ನೋಂದಣಿಯಾದ 800 ಸಿಸಿ ಆಲ್ಟೊ, ಓಡಿರೋದು 94 ಸಾವಿರ ಕಿ.ಮೀ., ಕೊಡಗಿನ ನಾಪೋಕ್ಲು ಕಡೆ ತೋಟದ ಮನೆಯಲ್ಲಿದೆ, ಇನ್ನೆಷ್ಟು ವರ್ಷ ಬರುತ್ತೆ, ದುಡ್ಡು ಹಾಕಬಹುದಾ ಅಂತ ಕೇಳಿದ್ದೀರಿ.

ಇಂಜಿನ್ ಮಟ್ಟಿಗೆ ಇನ್ನೂ ಅರ್ಧ ಆಯಸ್ಸು ಬಾಕಿ ಇದೆ ಅನ್ನಬಹುದು. ಹೊತ್ತುಹೊತ್ತಿಗೆ ಆಯಿಲ್ ಬದಲಾಗಿದ್ದರೆ ಆ ಮೂರು ಸಿಲಿಂಡರಿನ ಇಂಜಿನ್ ಬಿಚ್ಚದೆಯೇ 2 ಲಕ್ಷ ಕಿ.ಮೀ. ಹತ್ತಿರ ಹೋಗೋದು ಅಪರೂಪವೇನಲ್ಲ. ಆದರೆ ನಮ್ಮ ಕಡೆ ಇಂಜಿನ್ ಕೈಕೊಡೋ ಮೊದಲೇ ಮಳೆಗೆ ತುಕ್ಕು ಹಿಡಿದು ತಳ ಕೈಕೊಡುತ್ತೆ. ಒಂದೇ ವರ್ಷ ತಗೊಂಡ ಎರಡು ಕಾರುಗಳಲ್ಲಿ ಮಳೆ ಕಮ್ಮಿಯ ಕುಶಾಲನಗರದ್ದು ಗಟ್ಟಿಯಾಗಿರುತ್ತೆ, ಮಳೆ ಜಾಸ್ತಿಯ ಭಾಗಮಂಡಲದ್ದು ರನ್ನಿಂಗ್ ಬೋರ್ಡಿನಲ್ಲಿ ಬೆರಳು ತೂರುವಂತಿರುತ್ತೆ. ನಾಪೋಕ್ಲು ಮಳೆ ಭಾಗಮಂಡಲದ ಜಾತಿಯದ್ದೇ. ಹಾಗಾಗಿ ಮೊದಲು ಕಾರನ್ನ ಗ್ಯಾರೇಜಿನ ಲಿಫ್ಟ್ ಮೇಲೆ ಏರಿಸಿ. ಬರೀ ಜಾಕಿ ನಂಬಿ ಅಡಿಗೆ ಹೋಗಬೇಡಿ.

ಟಾರ್ಚ್ ಹಿಡಿದು, ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ನೋಡಿ. ಗಟ್ಟಿ ತಗಡು 'ಟಣ್' ಅನ್ನುತ್ತೆ, ಕೊಳೆತದ್ದು 'ದಬ್' ಅನ್ನುತ್ತೆ. ಎರಡೂ ಬದಿಯ ಬಾಗಿಲುಗಳ ಕೆಳಗಿನ ರನ್ನಿಂಗ್ ಬೋರ್ಡ್, ಮುಂದಿನ ಸೀಟಿನ ಕಾಲಿಡೋ ಜಾಗ, ಬ್ಯಾಟರಿ ಕೂರುವ ತಟ್ಟೆಯ ಅಡಿ, ಸ್ಟೆಪ್ನಿ ಗುಂಡಿ ಬಿಡದೆ ನೋಡಬೇಕು. ಇಷ್ಟರಲ್ಲಿ ತೂತಿದ್ದರೆ ಟಿಂಕರಿಂಗಿನವರು ಕತ್ತರಿಸಿ ಹೊಸ ಶೀಟ್ ವೆಲ್ಡ್ ಮಾಡಿಕೊಡುತ್ತಾರೆ, ಹೆದರಬೇಕಾಗಿಲ್ಲ. ಆದರೆ ಬೋನೆಟ್ ಎತ್ತಿದಾಗ ಕಾಣೋ, ಮುಂದಿನ ಚಕ್ರದ ಶಾಕ್ ಅಬ್ಸಾರ್ಬರ್ ಆದ ಸ್ಟ್ರಟ್‌ನ ತಲೆಭಾಗ, ಚಕ್ರವನ್ನ ಕೆಳಗಿನಿಂದ ಹಿಡಿಯೋ ಲೋವರ್ ಆರ್ಮ್ ಬೋಲ್ಟ್ ಆಗುವ ಜಾಗ, ಹಿಂದಿನ ಸಸ್ಪೆನ್ಶನ್ ಬಾಡಿಗೆ ಸೇರುವ ಜಾಗ, ಇವು ಪದರಪದರವಾಗಿ ಏಳುತ್ತಿದ್ದರೆ ಆ ಕಾರಿಗೆ ಒಂದು ರೂಪಾಯಿಯೂ ಹಾಕಬೇಡಿ. ಚಕ್ರ ಹಿಡಿದುಕೊಂಡಿರೋ ಲೋಹವೇ ಅದು.

ತುಕ್ಕು ಬರೀ ರಸ್ತೆ ನೀರಿನಿಂದ ಬರೋದಲ್ಲ. ಸಿಲ್ವರ್ ಓಕ್ ಮರದಡಿ ನಿಲ್ಲಿಸುವ ಕಾರಲ್ಲಿ ಎಲೆ ಪುಡಿಯಾಗಿ ವೈಪರ್ ಕೆಳಗಿನ ಜಾಲರಿಯೊಳಗೆ ಇಳಿದು, ನೀರು ಹೋಗೋ ದಾರಿ ಕಟ್ಟುತ್ತೆ. ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಇಳಿದು ಕಾರ್ಪೆಟ್ ಅಡಿ ನಿಲ್ಲುತ್ತೆ. ಮೇಲೆ ರಬ್ಬರ್ ಮ್ಯಾಟ್ ಇರೋದರಿಂದ ಯಾರಿಗೂ ಗೊತ್ತಾಗಲ್ಲ, ತಗಡು ಒಳಗಿನಿಂದಲೇ ತಿಂದುಹೋಗುತ್ತೆ. ಮೇ ತಿಂಗಳಲ್ಲಿ ಜಾಲರಿ ಬಿಚ್ಚಿ ಎಲೆ ತೆಗೆಯಿರಿ, ಬಾಗಿಲ ಕೆಳಅಂಚಿನ ಸಣ್ಣ ತೂತುಗಳನ್ನ ಕಡ್ಡಿಯಿಂದ ಬಿಡಿಸಿ. ಮಳೆಗಾಲ ಮುಗಿದ ಮೇಲೆ ಕಾರ್ಪೆಟ್ ಎತ್ತಿ ಬಿಸಿಲು ಕಾಣಿಸಿ. ಒದ್ದೆ ಕಾರಿಗೆ ಟಾರ್ಪಾಲ್ ಹೊದಿಸಬೇಡಿ, ಗಾಳಿಯಾಡುವ ಶೆಡ್ಡೇ ಸರಿ. ತಳಕ್ಕೆ ಹಳೇ ಇಂಜಿನ್ ಆಯಿಲ್ ಬಳಿಯುವ ಅಭ್ಯಾಸ ಇನ್ನೂ ಇದೆ. ಅದು ರಬ್ಬರ್ ಬುಷ್‌ಗಳನ್ನ ಉಬ್ಬಿಸಿ ಹಾಳು ಮಾಡುತ್ತೆ, ಹೋಗಿ ಸೇರೋದು ನಿಮ್ಮದೇ ತೋಟದ ಮಣ್ಣಿಗೆ. ಚೆನ್ನಾಗಿ ತೊಳೆದು, ಪೂರ್ತಿ ಒಣಗಿಸಿ, ತುಕ್ಕು ಕೆರೆದು, ಪ್ರೈಮರ್ ಹಾಕಿ ಆಮೇಲೆ ಅಂಡರ್‌ಕೋಟಿಂಗ್ ಮಾಡಿಸಿ. ತುಕ್ಕಿನ ಮೇಲೇ ಕೋಟಿಂಗ್ ಬಳಿದರೆ ಒಳಗೆ ಕೊಳೆಯೋದು ಕಾಣದಂತೆ ಮುಚ್ಚಿದ ಹಾಗಷ್ಟೇ.

ತಳ ಪಾಸಾದರೆ ಇಂಜಿನ್. ಇದಕ್ಕೆ ಘಾಟಿಗಿಂತ ಒಳ್ಳೇ ಪರೀಕ್ಷೆ ಇಲ್ಲ. ಮಡಿಕೇರಿಯಿಂದ ಸಂಪಾಜೆ ಕಡೆ ಗೇರಿನಲ್ಲೇ ಇಳಿದು, ತಿರುವಿನಾಚೆ ಆಕ್ಸಿಲರೇಟರ್ ಒತ್ತಿದಾಗ ಒಂದು ಉಂಡೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲಿನ ರಬ್ಬರ್ ಗಡಸಾಗಿ ಆಯಿಲ್ ಸೋರುತ್ತಿದೆ ಅಂತ. ಚಿಕ್ಕ ಖರ್ಚು. ಏರು ಹತ್ತುವಾಗ ಒಂದೇಸಮ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿದೆ. ಸಿಲಿಂಡರಿನೊಳಗಿನ ಒತ್ತಡ ಅಳೆಯೋ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಮೂರು ಸಿಲಿಂಡರ್‌ಗಳ ನಡುವೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. 1000 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಕುಡಿಯುತ್ತಿದ್ದರೆ ಇಂಜಿನ್ ಕೆಲಸಕ್ಕೆ ಕೈ ಹಾಕೋ ಬದಲು ಬೇರೆ ಕಾರು ನೋಡೋದು ಲೇಸು.

ಮಳೆಗಾಲದಲ್ಲಿ ಆಯಿಲ್ ಮುಚ್ಚಳದ ಒಳಗೆ ಕೆನೆಯಂಥ ಬಿಳಿ ಅಂಟು ಕಂಡರೆ 'ಹೆಡ್ ಗ್ಯಾಸ್ಕೆಟ್ ಹೋಗಿದೆ' ಅಂತ ಒಪ್ಪಿಕೊಂಡುಬಿಡಬೇಡಿ. ದಿನಾ ಎರಡು ಕಿ.ಮೀ. ಓಡಿಸಿ ನಿಲ್ಲಿಸಿದರೆ ಇಂಜಿನ್ ಕಾಯೋದೇ ಇಲ್ಲ, ಒಳಗಿನ ತೇವ ಆವಿಯಾಗದೆ ಅಲ್ಲಿ ಕೂರುತ್ತೆ. ಕೂಲೆಂಟ್ ಮಟ್ಟ ಇಳಿಯುತ್ತಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಸರಿಯಾದ ಬಣ್ಣದಲ್ಲೇ ಇದೆ ಅಂದರೆ ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ, ಸಾಕು. ಇಂಥ ಓಡಾಟ ಇದ್ದವರು ಕಿ.ಮೀ. ನೋಡದೆ ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್ ಬದಲಿಸಬೇಕು, ಅದೂ ಮಳೆಗಾಲ ಮುಗಿದ ಮೇಲೆ. ಇನ್ನೊಂದು ಮಾತು: ಇಂಜಿನ್ ಬಿಸಿಯಾಗೋವರೆಗೆ ಕೂಲೆಂಟನ್ನ ತಡೆದಿಡೋ ಥರ್ಮೋಸ್ಟಾಟ್ ಕಿತ್ತುಹಾಕಿದ್ದಾರಾ ವಿಚಾರಿಸಿ. ಕಿತ್ತಿದ್ದರೆ ನಮ್ಮ ಚಳಿಗೆ ಇಂಜಿನ್ ಬಿಸಿಯೇ ಹತ್ತಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ.

ನಿಮ್ಮ ಇಂಜಿನ್ನಿನಲ್ಲಿ ವಾಲ್ವ್‌ಗಳನ್ನ ಪಿಸ್ಟನ್ ತಾಳಕ್ಕೆ ಓಡಿಸೋದು ರಬ್ಬರಿನ ಟೈಮಿಂಗ್ ಬೆಲ್ಟ್, ಚೈನ್ ಅಲ್ಲ. 94 ಸಾವಿರದವರೆಗೆ ಬದಲಿಸಿದ ಬಿಲ್ ಇಲ್ಲದಿದ್ದರೆ ಟೆನ್ಷನರ್ ಸಮೇತ ಈಗಲೇ ಬದಲಿಸಿ. ರಬ್ಬರ್ ವಯಸ್ಸಿಗೂ ಸಾಯುತ್ತೆ, ಓಡಿದ್ದು ಕಮ್ಮಿ ಅನ್ನೋ ಸಮಾಧಾನ ಇಲ್ಲಿ ನಡೆಯಲ್ಲ. ಅದೇ ಮಾತು ಪೆಟ್ರೋಲ್ ಪೈಪುಗಳಿಗೂ. ಎಥನಾಲ್ ಬೆರೆತ ಪೆಟ್ರೋಲಿಗೆ ಹಳೇ ರಬ್ಬರ್ ಬೇಗ ಬಿರಿಯುತ್ತೆ, ವಾಸನೆ ಬಂದರೆ ತಡಮಾಡಬೇಡಿ. ಟಯರಿನ ಪಕ್ಕದ ನಾಲ್ಕು ಅಂಕಿ ನೋಡಿ: 2318 ಅಂದರೆ 2018ರ 23ನೇ ವಾರದ್ದು. ಬಟನ್ (ಟಯರಿನ ಹಲ್ಲು) ಎಷ್ಟೇ ಇರಲಿ, ಅಷ್ಟು ಹಳೇ ಟಯರ್ ಒದ್ದೆ ತಿರುವಿಗೆ ಬೇಡ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತೆ. ನೀರು ಸೇರಿದ ಆಯಿಲ್ ಉದ್ದ ಇಳಿಜಾರಿನಲ್ಲಿ ಕುದ್ದರೆ ಪೆಡಲ್ ನೆಲಕ್ಕೆ ಹೋಗುತ್ತೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಮಳೆಯಲ್ಲಿ ನಾಲ್ಕು ದಿನ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಹಿಂದಿನ ಡ್ರಮ್ಮಿಗೆ ಶೂ ಕಚ್ಚಿಕೊಳ್ಳುತ್ತೆ. ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಕ್ಲಚ್ ಜಾರುತ್ತಿದ್ದರೆ ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೇ ಹಾಕಿಸಿ, ಗೇರ್‌ಬಾಕ್ಸ್ ಇಳಿಸೋ ಕೂಲಿ ಎರಡು ಸಲ ಕೊಡೋದು ಯಾಕೆ?

ಕಾಗದದ ವಿಷಯ: ಆರ್‌ಸಿ 15 ವರ್ಷಕ್ಕೆ, ಅಂದರೆ ನಿಮ್ಮದು 2026ಕ್ಕೆ ಮುಗಿಯುತ್ತೆ. ಮಡಿಕೇರಿ ಆರ್‌ಟಿಒದಲ್ಲಿ ಕಾರು ತೋರಿಸಿ ನವೀಕರಿಸಿದರೆ ಇನ್ನೂ 5 ವರ್ಷ. 15 ವರ್ಷ ದಾಟಿದ ಪೆಟ್ರೋಲ್ ಕಾರು ಓಡಿಸಬಾರದು ಅನ್ನೋ ದಿಲ್ಲಿಯ ನಿಯಮ ಇಲ್ಲಿಗೆ ಇಲ್ಲ. 2022ರ ಏಪ್ರಿಲ್‌ನಲ್ಲಿ ಈ ಶುಲ್ಕ 600ರಿಂದ 5000 ರೂಪಾಯಿಗೆ ಏರಿತು, ಹಸಿರು ತೆರಿಗೆ ಬೇರೆ. ಆದ್ದರಿಂದ ತಳ ತೋರಿಸೋ ಕೆಲಸ ಆ ದುಡ್ಡು ಕಟ್ಟೋ ಮುಂಚೆ ಆಗಲಿ. ತಳ ಗಟ್ಟಿಯಿದ್ದರೆ ಆ 5 ವರ್ಷ ನಿಶ್ಚಿಂತೆಯಿಂದ ಓಡಿಸಿ. ಸ್ಟ್ರಟ್ ತಲೆಯಲ್ಲಿ ತುಕ್ಕು ಕಂಡರೆ ಆರ್‌ಸಿ ಜೀವಂತ ಇರುವಾಗಲೇ ಮಾರಿಬಿಡಿ, ತಗೊಳ್ಳುವವರಿಗೆ ಆ ತುಕ್ಕನ್ನೂ ತೋರಿಸಿ.