ಗ್ಯಾಪ್ ಅನಾಲಿಸಿಸ್: ತೆರಿಗೆಯಲ್ಲೂ ಯಂತ್ರದಲ್ಲೂ ಒಂದೇನಾ?

ನಿಮ್ಮ ಪ್ರಶ್ನೆ ಇದು: ತೆರಿಗೆ ಆಡಳಿತದಲ್ಲೂ ಗ್ಯಾಪ್ ಅನಾಲಿಸಿಸ್ ಅಂತಾರೆ, ಹೊಸ ಉತ್ಪನ್ನದ ವಿನ್ಯಾಸದಲ್ಲೂ ಅಂತಾರೆ, ಎರಡೂ ಒಂದೇನಾ?

ಬಹುಪಾಲು ಒಂದೇ. ಇರಬೇಕಾದದ್ದಕ್ಕೂ ಇರುವುದಕ್ಕೂ ನಡುವಿನ ಅಂತರವನ್ನು ತುಂಡು ಮಾಡಿ, ಒಂದೊಂದು ತುಂಡಿಗೂ ಕಾರಣ ಹುಡುಕುವುದೇ ಗ್ಯಾಪ್ ಅನಾಲಿಸಿಸ್. ನಾನು ಶಿವಮೊಗ್ಗದಲ್ಲಿ ಅಡಿಕೆ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕ ನೋಡುತ್ತೇನೆ. ನನ್ನ ಭಾವ ತೀರ್ಥಹಳ್ಳಿ ಹತ್ತಿರ ಅಡಿಕೆ ಸುಲಿಯುವ ಯಂತ್ರ ಮಾಡುತ್ತಾರೆ. ಎರಡೂ ಕಡೆಯ ಪೇಚಾಟ ನೋಡಿದ್ದೇನೆ.

ಒಮ್ಮೆ ಒಬ್ಬ ವ್ಯಾಪಾರಿಯ ಖರೀದಿ ಪುಸ್ತಕದಲ್ಲಿದ್ದ ಇನ್‌ಪುಟ್ ಕ್ರೆಡಿಟ್‌ಗೂ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿ; ಕಟ್ಟಬೇಕಾದ ತೆರಿಗೆಯಲ್ಲಿ ಇದನ್ನು ಕಳೆದುಕೊಳ್ಳಬಹುದು) ಜಿಎಸ್‌ಟಿಆರ್-2ಬಿಯಲ್ಲಿ (ಮಾರಿದವರ ರಿಟರ್ನ್ ನೋಡಿ ಪೋರ್ಟಲ್ ತಿಂಗಳಿಗೊಮ್ಮೆ ಮಾಡಿಕೊಡುವ ಕ್ರೆಡಿಟ್ ಪಟ್ಟಿ) ಕಂಡದ್ದಕ್ಕೂ 1,80,000 ರೂಪಾಯಿ ವ್ಯತ್ಯಾಸ ಬಂತು. 'ಯಾರೋ ಟೋಪಿ ಹಾಕಿದ್ದಾರೆ' ಅಂತ ಅವರು ಕೂಗಾಡಿದರು. ಒಂದೊಂದೇ ಬಿಲ್ ಹಿಡಿದು ತಾಳೆ ನೋಡಿದೆವು. 1,10,000 ರೂಪಾಯಿ ಕ್ರೆಡಿಟ್‌ನ ಬಿಲ್‌ಗಳನ್ನು ಮಾರಿದವರು ಕೊನೆಯ ದಿನವಾದ 11ನೇ ತಾರೀಖು ದಾಟಿದ ಮೇಲೆ ಜಿಎಸ್‌ಟಿಆರ್-1ರಲ್ಲಿ, ಅಂದರೆ ತಮ್ಮ ಮಾರಾಟದ ರಿಟರ್ನಿನಲ್ಲಿ, ಹಾಕಿದ್ದರು. ಅವು ಮುಂದಿನ ತಿಂಗಳ 2ಬಿಗೆ ಹೋಗಿದ್ದವು, ಅಷ್ಟೇ. 45,000 ಇವರ ತಮ್ಮನ ಅಂಗಡಿಯ ಜಿಎಸ್‌ಟಿ ನಂಬರಿಗೆ ಬಿದ್ದಿತ್ತು. ಉಳಿದ 25,000ಕ್ಕೆ ಮಾತ್ರ ಮಾರಿದವರು ರಿಟರ್ನೇ ಹಾಕಿರಲಿಲ್ಲ. ಮೊದಲನೆಯದಕ್ಕೆ ಕಾದರೆ ಸಾಕು. ಎರಡನೆಯದಕ್ಕೆ ಒಂದು ಫೋನ್. ಜಗಳ ಬೇಕಿದ್ದದ್ದು ಮೂರನೆಯದಕ್ಕೆ.

ಸರ್ಕಾರಗಳೂ ಮಾಡುವುದು ಇದನ್ನೇ. ಅಮೆರಿಕದ ತೆರಿಗೆ ಇಲಾಖೆ 2022ರ ತೆರಿಗೆ ಗ್ಯಾಪ್ (ಬರಬೇಕಾದದ್ದಕ್ಕೂ ಸಮಯಕ್ಕೆ ಬಂದದ್ದಕ್ಕೂ ಇರುವ ವ್ಯತ್ಯಾಸ) 69,600 ಕೋಟಿ ಡಾಲರ್ ಅಂತ ಅಂದಾಜು ಮಾಡಿತು. ಅದರಲ್ಲಿ 53,900 ಕೋಟಿ ಆದಾಯ ಕಡಿಮೆ ತೋರಿಸಿದ್ದರಿಂದ, 9,400 ಕೋಟಿ ತೋರಿಸಿಯೂ ಕಟ್ಟದ್ದರಿಂದ, 6,300 ಕೋಟಿ ರಿಟರ್ನ್ ಹಾಕದ್ದರಿಂದ. ಇನ್ನೊಂದು ಸ್ವಾರಸ್ಯ ಇದೆ. ಮೂಲದಲ್ಲೇ ತೆರಿಗೆ ಹಿಡಿಯುವ ಸಂಬಳದಲ್ಲಿ ಮುಚ್ಚಿಡುವುದು ಸುಮಾರು 1 ಶೇಕಡಾ. ಬೇರೆ ಯಾರೂ ಮಾಹಿತಿ ಕೊಡದ ಆದಾಯದಲ್ಲಿ 55 ಶೇಕಡಾ! ಸಂಬಳದವರೆಲ್ಲ ಸತ್ಯವಂತರು ಅಂತಲ್ಲ, ಅವರಿಗೆ ದಾರಿ ಇಲ್ಲ.

ಈಗ ಭಾವನ ಕಥೆ. ಕೊಯ್ಲಿನ ಕಾಲದಲ್ಲಿ ಇಳಿಸಿದ ಹಸಿ ಅಡಿಕೆಯನ್ನು ಬೇಗ ಸುಲಿದು ಬೇಯಿಸಬೇಕು. ಜನ ಯಂತ್ರ ಕೊಂಡರೂ ರಾತ್ರಿ ಮತ್ತೆ ಕೈಯಲ್ಲೇ ಸುಲಿಯಲು ಮೆಟ್ಟುಗತ್ತಿ ಹಿಡಿದು ಕೂರುತ್ತಿದ್ದರು. 'ವೇಗ ಸಾಲದು' ಅಂದುಕೊಂಡ ಭಾವ ದೊಡ್ಡ ಮೋಟಾರು ತರಿಸಿದರು. ನಾನು ತಡೆದೆ (ಲೆಕ್ಕದವನ ಮಾತು ಯಾರು ಕೇಳ್ತಾರೆ?). ಕೊನೆಗೆ ಕೊಂಡವರ ಮನೆಯಲ್ಲೇ ಎರಡು ರಾತ್ರಿ ಕೂತೆವು. ಒಂದೇ ಗೊನೆಯಲ್ಲಿ ದಪ್ಪ ಕಾಯಿ, ಸಣ್ಣ ಕಾಯಿ ಎರಡೂ ಇರುತ್ತವೆ. ಬ್ಲೇಡನ್ನು ಸಣ್ಣದಕ್ಕೆ ಹೊಂದಿಸಿದರೆ ದಪ್ಪದ್ದು ಕೊಯ್ದು ಹೋಗುತ್ತಿತ್ತು. ಗಾಯ ಆದ ಅಡಿಕೆಗೆ ರೇಟು ಕಡಿಮೆ. ಜೊತೆಗೆ ಸಂಜೆ ವೋಲ್ಟೇಜ್ ಬೀಳುತ್ತಿತ್ತು. ದೊಡ್ಡ ಮೋಟಾರು ಕೂರಿಸಿದ್ದರೆ ಕಷ್ಟ ಇನ್ನೂ ಜಾಸ್ತಿ ಆಗ್ತಿತ್ತು, ಅಲ್ವಾ?

ವ್ಯತ್ಯಾಸ ಇರುವುದು ಇಲ್ಲೇ. ತೆರಿಗೆಯಲ್ಲಿ 'ಇಷ್ಟು ಬರಬೇಕು' ಅನ್ನುವುದನ್ನು ಕಾನೂನು ಬರೆದಿಟ್ಟಿರುತ್ತದೆ. ಯಂತ್ರದಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ. ಕೇಳಿದರೂ ಜನ 'ಚೆನ್ನಾಗಿದೆ' ಅಂತ ಸುಮ್ನೆ ಹೇಳಿಬಿಡುತ್ತಾರೆ, ಹೋಗಿ ನೋಡಬೇಕು.

ಭಾವ ಈಗ ಯಂತ್ರದ ಮುಂದೆ ಕಾಯಿ ಬೇರೆ ಮಾಡುವ ಜರಡಿ ಕೂರಿಸಿದ್ದಾರೆ. ದೊಡ್ಡ ಮೋಟಾರು ಶೆಡ್ಡಿನಲ್ಲೇ ಬಿದ್ದಿದೆ. ಬೇಕಾದವರಿದ್ದರೆ ಹೇಳಿ.