ನಿಪ್ಪಾಣಿಯ ಕ್ಲಾಸಿನಲ್ಲಿ ನಿಜವಾದ ತೊಡಕು ಯಾವುದು

ದೋಸ್ತಾ, ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ನನಗೆ ಚುಚ್ಚಿತು. "ನಿಪ್ಪಾಣಿ ಅಂದ್ರೆ ಎಲ್ಲಾ ಮರಾಠಿಯವರೇ ಅಲ್ವಾ? ನೀನು ಕನ್ನಡದಲ್ಲಿ ಪಾಠ ಮಾಡಿದರೆ ಹುಡುಗರು ಸುಮ್ನೆ ಕೂರ್ತಾರಾ?" ಅಂದೆ. ಟಿವಿ ನೋಡಿದವರು ಹೀಗೇ ಕೇಳುತ್ತಾರೆ. ಬೆಳಗಾವಿ ಜಿಲ್ಲೆಯ ಈ ಗಡಿ ಊರುಗಳು ಟಿವಿಯಲ್ಲಿ ಬರುವುದೇ ನವೆಂಬರ್ 1ಕ್ಕೆ, ಇಲ್ಲಾ ಯಾರೋ ಬಸ್ಸಿಗೆ ಮಸಿ ಬಳಿದಾಗ.

ಕೂರುತ್ತಾರೆ. ಚೆನ್ನಾಗಿಯೇ ಕೂರುತ್ತಾರೆ. ಮರಾಠಿ, ಕನ್ನಡ, ಉರ್ದು ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿರುತ್ತಾರೆ. ಒಬ್ಬ ಕನ್ನಡದಲ್ಲಿ ಕೇಳಿದ್ದಕ್ಕೆ ಇನ್ನೊಬ್ಬ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ಅದು ಯಾರಿಗೂ ವಿಶೇಷ ಅನಿಸುವುದಿಲ್ಲ. ಗಡಿ ವಿಷಯ ಹಿಡಿದು ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋದದ್ದು 2004ರಲ್ಲಿ. ಈಗ ನನ್ನ ಮುಂದಿರುವ ಮಕ್ಕಳು ಹುಟ್ಟಿದ್ದೇ ಆಮೇಲೆ. ಅವರ ತಲೆಯಲ್ಲಿರುವುದು ಡಿಗ್ರಿ, ಪೊಲೀಸ್ ಭರ್ತಿ, ಬ್ಯಾಂಕ್ ಪರೀಕ್ಷೆ.

ನಮ್ಮ ತೊಡಕು ಬೇರೆ. ಅದನ್ನು ಹೇಳುತ್ತೇನೆ ಕೇಳು.

ನಾನು ಅರ್ಥಶಾಸ್ತ್ರದ ಬೆಲೆ ಪಾಠವನ್ನು ಕಬ್ಬಿನಿಂದ ಶುರು ಮಾಡುತ್ತೇನೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಕಟ್ಟಿದ ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲ್‌ಗೆ 355 ರೂಪಾಯಿ. ಅದು ಸಕ್ಕರೆ ರಿಕವರಿ, ಅಂದರೆ ಅರೆದ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ, ಶೇ. 10.25 ಇದ್ದರೆ. ರಿಕವರಿ ಕಡಿಮೆ ಬಂದರೆ ದರವೂ ಇಳಿಯುತ್ತದೆ. ಮೇಲೆ ಕಟಾವು, ಸಾಗಣೆ ಖರ್ಚು ಮುರಿದುಕೊಳ್ಳುತ್ತಾರೆ. ಇದನ್ನು ಹೇಳುವಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಕೇಳಿದಳು: "ಸರ್, ಆ ರಿಕವರಿ ಲೆಕ್ಕ ಹಾಕೋರು ಯಾರ್ರೀ? ಫ್ಯಾಕ್ಟರಿಯವರೇ ಅಲ್ಲೇನ್ರೀ? ಮತ್ತ ರೈತಗ ಹೆಂಗ ಗೊತ್ತಾಗಬೇಕ್ರೀ?" ಅವಳ ತಾಯಿ ಬೀಡಿ ಕಟ್ಟುತ್ತಾರೆ. ಮನೆಯಲ್ಲಿ ಒಂದು ಗುಂಟೆ ಕಬ್ಬಿಲ್ಲ. ಆದರೆ ಮಾಹಿತಿ ಒಬ್ಬನ ಕೈಯಲ್ಲಷ್ಟೇ ಇದ್ದಾಗ ಮಾರುಕಟ್ಟೆ ಹೇಗೆ ವಾಲುತ್ತದೆ ಅನ್ನೋದನ್ನು ಅವಳು ತಾನಾಗೇ ಹಿಡಿದಳು. ಆ ದಿನ ನನಗಾದ ಖುಷಿ ಇನ್ನೂ ಇದೆ.

ಟೆಸ್ಟಿನಲ್ಲಿ ಅದೇ ಹುಡುಗಿ ಮೂರು ಸಾಲು ಬರೆದು ಕೂತಳು.

ಯಾಕೆ ಅಂದರೆ, ಅವಳು ಹತ್ತನೇ ತರಗತಿವರೆಗೆ ಓದಿದ್ದು ಮರಾಠಿ ಮಾಧ್ಯಮ. ಕನ್ನಡ ಒಂದು ವಿಷಯವಾಗಿ ಇತ್ತು. ಬೋರ್ಡು, ಪೇಪರ್ ಎಲ್ಲಾ ಓದುತ್ತಾಳೆ. ಆದರೆ ಹಣದುಬ್ಬರದ ಮೇಲೆ ಹತ್ತು ಮಾರ್ಕಿನ ಉತ್ತರ ಬರೆಯುವ ಕನ್ನಡವನ್ನು ಅವಳಿಗೆ ಯಾರೂ ಕಲಿಸಿಲ್ಲ. ನಮ್ಮಲ್ಲಿ ಪರೀಕ್ಷೆ ಬರೆಯುವುದು ಕನ್ನಡದಲ್ಲಿ, ಇಲ್ಲಾ ಇಂಗ್ಲಿಷಿನಲ್ಲಿ. ರಾತ್ರಿ ಪುಸ್ತಕದ ಪುಟದ ಫೋಟೋ ತೆಗೆದು ಮೊಬೈಲಿನಲ್ಲಿ ಮರಾಠಿ ಮಾಡಿಕೊಂಡು ಓದುತ್ತಾಳೆ. ಅರ್ಥವೂ ಆಗುತ್ತದೆ. ಪರೀಕ್ಷೆ ಹಾಲಿನಲ್ಲಿ ಮೊಬೈಲ್ ಇರುವುದಿಲ್ಲವಲ್ಲ!

ಇದು ಮರಾಠಿ ಮಕ್ಕಳದಷ್ಟೇ ಕಷ್ಟ ಅಂದುಕೊಳ್ಳಬೇಡ. ಕನ್ನಡ ಮಾಧ್ಯಮದಿಂದ ಬಂದು ಬಿ.ಕಾಂ. ಸೇರಿದ ಮಕ್ಕಳು ಇಂಗ್ಲಿಷ್ ಪುಸ್ತಕದ ಮುಂದೆ ಹೀಗೇ ಮೂಕರಾಗುತ್ತಾರೆ. ನಿಮ್ಮ ಮೈಸೂರಿನಲ್ಲೂ ಆಗುತ್ತಾರೆ. ಅಲ್ಲಿ ಅದಕ್ಕೆ ಗಡಿ ಸಮಸ್ಯೆ ಅಂತ ಹೆಸರಿಡುವುದಿಲ್ಲ, ಅಷ್ಟೇ.

ನಾನು ಮಾಡುವುದು ಇಷ್ಟು. ಪಾಠದ ಕೊನೆಯ ಹತ್ತು ನಿಮಿಷ ಎಲ್ಲರೂ ನಾಲ್ಕು ಸಾಲು ಬರೆಯಬೇಕು. ಮೊದಲು ಯಾವ ಭಾಷೆಯಾದರೂ ಸರಿ. ಆಮೇಲೆ ಪಕ್ಕದ ಕನ್ನಡದ ಹುಡುಗನ ಜೊತೆ ಕೂತು ಅದನ್ನು ಕನ್ನಡ ಮಾಡಬೇಕು. ಹೇಳಿಕೊಡುವವನಿಗೂ ಆಗ ಪಾಠ ಗಟ್ಟಿಯಾಗುತ್ತದೆ, ಯಾಕೆಂದರೆ ತನಗೆ ತಿಳಿಯದ್ದನ್ನು ಹೇಳಿಕೊಡಲು ಬರುವುದಿಲ್ಲ. ಕೆಲವರು ಒಂದು ಸೆಮಿಸ್ಟರಿನಲ್ಲಿ ಪುಟ ತುಂಬಾ ಬರೆಯುವಷ್ಟಾಗುತ್ತಾರೆ. ಎಲ್ಲರಿಗೂ ಆಗುವುದಿಲ್ಲ. ಹಳ್ಳಿ ಮಕ್ಕಳು ಬೆಲ್ ಹೊಡೆದ ಕೂಡಲೇ ಬಸ್ಸಿಗೆ ಓಡಬೇಕು. ಅಷ್ಟೂ ಹಾಳೆ ತಿದ್ದಲು ನನಗೂ ಹೊತ್ತು ಸಾಲುವುದಿಲ್ಲ. ಸ್ಕಾಲರ್‌ಶಿಪ್ ಅರ್ಜಿ, ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಅಂತ ಅರ್ಧ ದಿನ ಕಂಪ್ಯೂಟರ್ ಮುಂದೆಯೇ ಹೋಗುತ್ತದೆ.

ಮೀಟಿಂಗಿನಲ್ಲಿ ರಿಸಲ್ಟ್ ಶೇಕಡಾ ಎಷ್ಟು ಅಂತ ಕೇಳುತ್ತಾರೆ. ಮಕ್ಕಳು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ಕೇಳುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ವಾರಕ್ಕೆ ಎರಡು ತಾಸು ಬರವಣಿಗೆಗೆ ಕೊಡಿ ಅಂತ ನಾನು ಕೇಳುತ್ತಲೇ ಇದ್ದೇನೆ. "ಅದು ವರ್ಕ್‌ಲೋಡಿನಲ್ಲಿ ಬರಲ್ಲ" ಅನ್ನುತ್ತಾರೆ.

ನಮಗೆ ಬೆಳಗಾವಿಗಿಂತ ಕೊಲ್ಲಾಪುರ ಹತ್ತಿರ. ಅಲ್ಲಿಗೆ ಹೋದರೆ ಆ ಹುಡುಗಿ ತನ್ನ ಭಾಷೆಯಲ್ಲೇ ಪಾಠ ಕೇಳಬಹುದಿತ್ತು. ಆದರೂ ಇಲ್ಲೇ ಸೇರಿದಳು, ಕನ್ನಡದಲ್ಲೇ ಬರೆಯುತ್ತೇನೆ ಅಂತ ಹಟ ಹಿಡಿದು ಕೂತಿದ್ದಾಳೆ. ಅಂಥವಳನ್ನು ಪರಕೀಯಳು ಅಂದರೆ ನಾನು ಒಪ್ಪುವುದಿಲ್ಲ. ಅವಳು ನನ್ನ ವಿದ್ಯಾರ್ಥಿ, ಈ ರಾಜ್ಯದ ಮಗಳು. ನಿನ್ನ ಹತ್ತಿರ ಸರಳ ಕನ್ನಡದಲ್ಲಿ ಬರೆದ ಅರ್ಥಶಾಸ್ತ್ರದ ನೋಟ್ಸ್ ಇವೆ ಅಂದಿದ್ದೆಯಲ್ಲ, ಅವನ್ನು ಈ ವಾರವೇ ಕಳಿಸು. ಮುಂದಿನ ತಿಂಗಳು ಟೆಸ್ಟ್ ಇದೆ.